ದೋಣಿಗೆ ಇಬ್ಬರು

ಜೂನ್ ೮, ಸೋಮವಾರ

ಶುಕ್ರವಾರದ ದೋಣಿಗೆಂದು ಲಾಡ್ಜಿನ ಫಾರಂನಲ್ಲಿ ‘ಇಬ್ಬರು’ ಎಂದು ಯಾಕೆ ಬರೆದೆನೋ. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆಯಿತು. ಹೆಂಡತಿ ತೀರಿಹೋಗಿ ಎರಡು ವರ್ಷವಾಯಿತೆಂದು ಕೈಗೆ ಯಾರು ಹೇಳಬೇಕು.

ಇವತ್ತು ಸರೋವರದ ಲಾಡ್ಜಿನವನು ಫೋನು ಮಾಡಿದ. “ಯಜಮಾನ್ರೇ, ಮೀನು ಹಿಡಿಯೋಕೆ ಒಬ್ರಿಗೇ ದೋಣಿ ಕೊಡಲ್ಲ, ಇಬ್ರು ಇರ್ಲೇಬೇಕು. ನಿಮ್ಮನೆಯವರಿಗೆ ಈಜು ಬರುತ್ತಾ?”

“ಓಹೋ, ಚೆನ್ನಾಗಿ ಬರುತ್ತೆ” ಎಂದುಬಿಟ್ಟೆ. ಮೊಣಕಾಲುದ್ದದ ನೀರಿಗೂ ಹೆದರುತ್ತಿದ್ದವಳು.

ಆನೆಸ್ಟಿ ಈಸ್ ದ ಬೆಸ್ಟ್... ಮುಂದಿನದು ಮರೆತಿದೆ. ನಿಜ ಹೇಳಿದರೆ ದೋಣಿ ಹೋಯಿತು. ಹೇಳದಿದ್ದರೆ ಶುಕ್ರವಾರ ದಂಡೆಯಲ್ಲಿ ನಿಂತು “ಅಮ್ಮಾವ್ರೆಲ್ಲಿ?” ಎನ್ನುತ್ತಾನೆ.

ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ. ಚೀಟಿಯಲ್ಲಿ ಲಾಡ್ಜಿನ ನಂಬರು ಇನ್ನೂ ಕಾಣುತ್ತಿದೆ, ಫೋನು ಮಾಡಿ ನಿಜ ಹೇಳಬಹುದು. ಸ್ವಲ್ಪ ಹೊತ್ತು ಹೀಗೇ ಕೂತರೆ, ಕಾಣಲಿಲ್ಲ ಎಂದುಕೊಳ್ಳಬಹುದು.