ನನಗೆ ಬಂದದ್ದು ೪.೩

ಜಯನಗರ, ಬೆಂಗಳೂರು
೧೮ ಫೆಬ್ರವರಿ ೧೯೬೨

ಪ್ರೀತಿಯ ಅಮ್ಮನಿಗೆ ಚೂಡಾಮಣಿಯ ನಮಸ್ಕಾರ.

ನಿನ್ನ ಕಾಗದ ಮುಟ್ಟಿತು. ನಿನ್ನ ತಮ್ಮ ವೆಂಕಟಾಚಲ ಮಾಮ ಬರೆದದ್ದರಲ್ಲಿ ಅರ್ಧ ನಿಜ. ಕಾಲೇಜಿನಲ್ಲಿ ಮೇಷ್ಟರ ಎದುರು ವಾದ ಮಾಡಿದ್ದು ಹೌದು. ಕ್ಷಮೆ ಮಾತ್ರ ಕೇಳುವುದಿಲ್ಲ. ಯಾಕೆಂದು ನೀನು ಪೂರ್ತಿ ಓದಬೇಕು.

ಸಂಖ್ಯಾಶಾಸ್ತ್ರದ ಅನಂತಪದ್ಮನಾಭ ಮೇಷ್ಟರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರಲ್ಲಿ ಇಲ್ಲಿನ ಮುನ್ನೂರು ಮನೆಗಳ ಚೀಟಿ. ಒಂದೊಂದರ ಮೇಲೂ ಆ ಮನೆಯಲ್ಲಿ ಎಷ್ಟು ಜನ ಎಂಬ ಸಂಖ್ಯೆ. ಮುನ್ನೂರರ ಸರಾಸರಿ ೫.೮ ಎಂದು ಬೋರ್ಡಿನ ಮೇಲೇ ಬರೆದಿದ್ದರು. ನಾವು ಮೂವತ್ತು ಹುಡುಗಿಯರು ಒಬ್ಬೊಬ್ಬರಾಗಿ ನೋಡದೆ ಹತ್ತು ಚೀಟಿ ಎತ್ತಿ, ಅವುಗಳ ಸರಾಸರಿಯನ್ನು ರೆಕಾರ್ಡಿನಲ್ಲಿ ಬರೆದು, ಚೀಟಿ ವಾಪಸು ಹಾಕಬೇಕು. ಎಲ್ಲರಿಗೂ ೫.೭, ೫.೮, ೫.೯. ನನಗೆ ೪.೩. ದೊಡ್ಡ ಸಂಸಾರದ ಚೀಟಿ ಒಂದೂ ಕೈಗೆ ಸಿಗಲಿಲ್ಲ, ಅಷ್ಟೇ.

"ಉತ್ತರ ಎದುರಿಗೇ ಇದೆ, ಆದ್ರೂ ತಪ್ಪು ಮಾಡ್ತೀಯಲ್ಲಮ್ಮ. ತಿದ್ಕೊಂಡು ಬಾ" ಎಂದರು ಮೇಷ್ಟರು.

"ಲೆಕ್ಕ ಸರಿಯಾಗಿದೆ ಸಾರ್. ಬಂದಿದ್ದೇ ಇಷ್ಟು" ಎಂದೆ.

ತಿದ್ದದಿದ್ದರೆ ರೆಕಾರ್ಡಿಗೆ ರುಜು ಇಲ್ಲ, ರುಜು ಇಲ್ಲದೆ ಪರೀಕ್ಷೆ ಇಲ್ಲ ಎಂದುಬಿಟ್ಟರು. ಮನೆಗೆ ಬಂದರೆ ಮಾಮನದೂ ಅದೇ ರಾಗ: "ಒಂದು ಅಂಕಿ ಬದಲಾಯಿಸಿದ್ರೆ ನಿಂದೇನ್ ಹೋಗತ್ತೆ?" ನೀನೂ ಅದನ್ನೇ ಬರೆದೆಯಲ್ಲ ಅಮ್ಮ, ಅದು ನೋಯಿಸಿತು.

ನಾಲ್ಕು ಸಂಜೆ ಕೂತೆ. ಮುನ್ನೂರು ಚೀಟಿ ಕತ್ತರಿಸಿ, ಮೇಷ್ಟರು ತರಗತಿಗೆಲ್ಲ ಕೊಟ್ಟಿದ್ದ ಆ ಮನೆಗಳ ಪಟ್ಟಿಯಂತೆ ಬರೆದು, ಅತ್ತೆಯ ಹುರಿಗಡಲೆ ಡಬ್ಬಿಗೆ ತುಂಬಿ, ಹತ್ತತ್ತರಂತೆ ನೂರು ಸಲ ಎತ್ತಿದೆ. ಒಮ್ಮೆ ೪.೧ ಬಂತು, ಒಮ್ಮೆ ೭.೬. ಹೆಚ್ಚಿನವು ೫.೮ರ ಆಚೀಚೆ ಗುಂಪುಗೂಡಿದವು. ನೂರರಲ್ಲಿ ಐದು ನನ್ನ ೪.೩ರಷ್ಟು ಅಥವಾ ಅದಕ್ಕಿಂತ ದೂರ ಹೋಗಿದ್ದವು. ಎಲ್ಲ ನೂರನ್ನೂ ಸೇರಿಸಿ ಸರಾಸರಿ ನೋಡಿದರೆ ೫.೮! ಅಡುಗೆಮನೆಯಲ್ಲಿ ಒಬ್ಬಳೇ ನಕ್ಕುಬಿಟ್ಟೆ.

ಶುಕ್ರವಾರ ಆ ಹಾಳೆಯನ್ನು ತರಗತಿಯ ಮುಂದೆಯೇ ಮೇಷ್ಟರ ಮೇಜಿನ ಮೇಲಿಟ್ಟೆ. "ಸಾರ್, ಮೂವತ್ತು ಜನರಲ್ಲಿ ಒಬ್ಬಿಬ್ಬರಿಗೆ ಇಷ್ಟು ದೂರ ಬರೋದು ಸಹಜ. ಮಿಕ್ಕವರಿಗೆಲ್ಲ ೫.೮ರ ಪಕ್ಕದಲ್ಲೇ ಬಂದಿದೆಯಲ್ಲ, ಅದು ಹೇಗೆ ಸಾರ್?" ಎಂದೆ. ಹಿಂದಿನ ಬೆಂಚಿನಿಂದ ಕಮಲಾದೇವಿ ಎದ್ದಳು. "ನಂಗೆ ೬.೯ ಬಂದಿತ್ತು ಸಾರ್. ಭಯಕ್ಕೆ ೫.೮ ಮಾಡ್ದೆ." ಅವಳ ಪಕ್ಕದವಳೂ ಎದ್ದಳು. ಒಟ್ಟು ಹನ್ನೊಂದು ಜನ. ಮೇಷ್ಟರು ನನ್ನ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ರುಜು ಇನ್ನೂ ಆಗಿಲ್ಲ.

ನಾಳೆ ಪ್ರಿನ್ಸಿಪಾಲರ ಬಳಿ ಹೋಗುತ್ತೇವೆ, ಹನ್ನೊಂದು ಜನರೂ ಬರುತ್ತಾರಂತೆ. ಅಲ್ಲೂ ಆಗದಿದ್ದರೆ ಮುಂದಿನ ವರ್ಷ ಪರೀಕ್ಷೆಗೆ ಕೂರುತ್ತೇನೆ. ಈ ಸಲ ತಪ್ಪಿದರೆ ವೈಶಾಖದಲ್ಲಿ ಮದುವೆ ಎಂದು ಅಪ್ಪ ಹೇಳಿದ್ದಾರೆಂದು ಬರೆದಿದ್ದೀಯ. ಗಂಡಿನವರನ್ನು ಕರೆಸಬೇಡಿ. ಕರೆಸಿದರೆ ಅವರ ಎದುರೇ ಬೇಡ ಎನ್ನುತ್ತೇನೆ.

ನಿನ್ನ ಹಟಮಾರಿ ಮಗಳು,
ಚೂಡಾಮಣಿ

ನಾಚಿಕೆಯಾಗಿ ಮೇಲೆ ಬರೆಯದೆ ಬಿಟ್ಟದ್ದು: ಮೊದಲು ನಾನೂ ೫.೮ ಎಂದೇ ಬರೆದಿದ್ದೆ. ರುಜುವಿಗೆ ಸಾಲಿನಲ್ಲಿ ನಿಂತಾಗ ತಡೆಯಲಾಗಲಿಲ್ಲ. ಪಕ್ಕಕ್ಕೆ ಬಂದು, ಪೆನ್ಸಿಲ್ ಕೆತ್ತುವ ಬ್ಲೇಡಿನಿಂದ ಕೆರೆದು ೪.೩ ಎಂದು ತಿದ್ದಿದೆ. ರೆಕಾರ್ಡಿನ ಹಾಳೆ ಅಲ್ಲಿ ತೂತಾಗಿದೆ. ಪ್ರಿನ್ಸಿಪಾಲರಿಗೆ ಅದನ್ನೂ ತೋರಿಸುತ್ತೇನೆ.