ಭಾವನ ಬಾಯಿಂದಲೇ

ಏಪ್ರಿಲ್ 3, 2025

ಶಾಲೆಯ ಬಿಸಿಯೂಟದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ತಲೆ ಎಲ್ಲೋ. ಅರ್ಧ ದಿನ ರಜೆ ಹಾಕಿ ಬಸ್ ಹಿಡಿದು ಯಲಬುರ್ಗಾ ಕೋರ್ಟಿಗೆ.

ನಮ್ಮ ಮನೆಯವರು, ಇವರು, ಯೆಮೆನ್ ದೇಶದ ಗಿರಣಿಗೆ ಫಿಟ್ಟರ್ ಆಗಿ ಹೋದರು. ಅಲ್ಲಿ ಯುದ್ಧ ಹತ್ತಿ, ಫೋನ್ ನಿಂತು ಹತ್ತು ವರ್ಷ. ಹೆಣ ಇಲ್ಲ, ಕಾಗದ ಇಲ್ಲ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತರೆಂದು ಕೋರ್ಟು ಹೇಳಬಹುದಂತೆ. ಹೇಳಿದರೆ ಇವರ ಪಾಲಿನ ನಾಲ್ಕು ಎಕರೆ ನನಗೆ. ಉಳುತ್ತಿರುವವನು ಭಾವ ಉಮಾಪತಿ. ಬಿಡುತ್ತಾನೆಯೇ?

ಅವನ ವಕೀಲ ಫೋಟೊ ತೋರಿಸಿದ. ಗೌರಿ ಹುಣ್ಣಿಮೆಗೆ ಅವರ ಮನೆಯಲ್ಲಿ ನಾನು ಮುತ್ತೈದೆಯಾಗಿ ಉಡಿ ತುಂಬಿಸಿಕೊಂಡದ್ದು. ವರ್ಷವರ್ಷದ್ದೂ ತೆಗೆದಿಟ್ಟಿದ್ದಾರೆ!

"ನನ್ನ ತಮ್ಮ ಕಳಕೇಶ ಬದುಕ್ಯಾನ್ರಿ ಸಾಹೇಬ್ರ. ಆಕಿಗೂ ಗೊತ್ತೈತಿ, ಅದಕ್ಕ ಉಡಿ ಒಡ್ಯಾಳ" ಎಂದ ಭಾವ.

ಪ್ರೀತಿಯಿಂದ ಕರೆಯುತ್ತಾರೆಂದು ತಿಳಿದಿದ್ದೆ. ಹುಚ್ಚಿ ನಾನು.

ಏಪ್ರಿಲ್ 4

ಕೇಸು ಬಿದ್ದುಹೋದರೆ? ಹೊಲ ಇಲ್ಲ, ವಿಧವಾ ಪಿಂಚಣಿಯೂ ಇಲ್ಲ. ಭಾವನ ಬಣವೆಗೆ ಬೆಂಕಿ ಇಟ್ಟರೆ — ಛೆ, ಸಿಕ್ಕಿಬೀಳುತ್ತೇನೆ.

ಏಪ್ರಿಲ್ 29

ಭಾವನ ಮಗಳು ರೂಪಾಳ ಮದುವೆ, ಮೇ ಎಂಟಕ್ಕೆ. ಅವಳ ತಾಯಿ, ನನ್ನ ನೆಗೆಣ್ಣಿ ಸುನಿತಾ ಕಾರ್ಡು ಕೊಟ್ಟಳು. "ಊಟಕ್ಕ ಬಾರವ್ವ" ಅಂದಳು. ಸುರಗಿ ಶಾಸ್ತ್ರಕ್ಕೆ ಬಾ ಅನ್ನಲಿಲ್ಲ. ಮದುಮಗಳ ಸುತ್ತ ನೂಲು ಸುತ್ತುವವರು ಮುತ್ತೈದೆಯರೇ ಆಗಬೇಕಲ್ಲ! ಕೋರ್ಟಿನಲ್ಲಿ ನಾನು ಮುತ್ತೈದೆ. ಮಗಳ ಸುರಗಿಯಲ್ಲಿ?... ತಡಿ, ಉಮಾಪತಿ.

ಮೇ 8, ಸಂಜೆ 5

ಮಾಡಿಬಿಟ್ಟೆ. ಹಸಿರು ಸೀರೆ, ಕೈತುಂಬ ಬಳೆ. ಸುರಗಿಗೆ ಹೋದವಳೇ ನೂಲಿನ ಉಂಡೆ ಎತ್ತಿಕೊಂಡೆ. ಸುನಿತಾ ಕೈ ಹಿಡಿದಳು.

"ನೀ ಬ್ಯಾಡ ಪಂಪವ್ವ."

"ಯಾಕಕ್ಕ? ನಾ ಮುತ್ತೈದಿ ಅಲ್ಲೇನು? ನಿಮ್ಮವ್ರ ಜಡ್ಜ್ ಸಾಹೇಬ್ರ ಮುಂದ ಹೇಳ್ಯಾರ!"

ಬೀಗರು ನೋಡುತ್ತಿದ್ದರು. ವಿಡಿಯೊದವನ ಕ್ಯಾಮೆರಾ ನಮ್ಮತ್ತಲೇ. ರೂಪಾಳ ಸುತ್ತ ಒಂದು ಸುತ್ತು ಹಾಕಿದೆ. ಭಾವ ಓಡಿಬಂದ.

"ಬಿಡ ಅದನ್ನ! ಕಳಕೇಶ ಸತ್ತು ಹತ್ತು ವರ್ಷ ಆತು! ಮುಂಡಿ ಕೈಲೆ ನನ್ನ ಮಗಳಿಗೆ —"

ಉಂಡೆಯನ್ನು ಅವನ ಕೈಗೇ ಕೊಟ್ಟೆ. "ಇಷ್ಟ ಸಾಕ್ರಿ ಭಾವ."

ರೂಪಾ ಅಳುತ್ತಿದ್ದಳು. ಆ ಹುಡುಗಿ ನನಗೇನೂ ಮಾಡಿರಲಿಲ್ಲ. ಆದರೂ ಊಟ ಮಾಡಿಯೇ ಬಂದೆ. ಎರಡು ಹೋಳಿಗೆ.

ಮೇ 12

ವಿಡಿಯೊದವನ ಹತ್ತಿರ ಮದುವೆಯ ವಿಡಿಯೊ ಸಿಕ್ಕಿತು. ನನ್ನ ವಕೀಲರು ಮೂರು ಸಲ ನೋಡಿ ನಕ್ಕರು. "ಇನ್ನ ಅವಂಗ ಮಾತು ನುಂಗಾಕ ಬರೂದಿಲ್ಲ. ಗೆದ್ದಂಗ ತಿಳಿ ತಂಗಿ."

ಮನೆಗೆ ಬಂದು ನಾನೂ ನೋಡಿದೆ. ಮೊದಲು ಹೊಟ್ಟೆ ತಣ್ಣಗಾಯಿತು. ಮತ್ತೆ ಹಾಕಿದೆ. ಆಗ ಕೇಳಿಸಿತು, ಅವನು ಅಂದದ್ದು. ಇವರು ಬದುಕಿದ್ದಾರೆಂದು ಇಷ್ಟು ವರ್ಷ ಬಾಯಿಬಿಟ್ಟು ಹೇಳುತ್ತಿದ್ದವನು ಅವನೊಬ್ಬನೇ. ಸುಳ್ಳಿಗಾದರೂ. ಅದನ್ನೂ ನಾನೇ ನಿಲ್ಲಿಸಿದೆ.

ಕಾಗದದಲ್ಲಿ ಸತ್ತ ದಿನ ತುಂಬಬೇಕಂತೆ. ಕಡೆಯ ಫೋನಿನ ತಾರೀಖು ಬರಿ ಅಂದರು ವಕೀಲರು. ಪೆನ್ನು ಹಿಡಿದು ಕೂತಿದ್ದೇನೆ. ನನಗೇನೋ ಮೇ ಎಂಟು ಅಂತಲೇ ಬರೆಯಬೇಕು ಅನಿಸುತ್ತಿದೆ.