ನೀವು ಬೇಡ ಅಂದಿದ್ದ ಇಂಜಿನ್

ಯಜಮಾನರೇ,

ದಿನಾ ಬೆಳಿಗ್ಗೆ ನಿಮ್ಮ ಸಮಾಧಿಯ ಪಕ್ಕದ ರಸ್ತೆಯಲ್ಲಿ ದಡದಡ ಸದ್ದು ಮಾಡಿಕೊಂಡು ಒಂದು ಲಾರಿ ಹೋಗುತ್ತದಲ್ಲ, ಅದು ಬೇರೆ ಯಾರದೂ ಅಲ್ಲ, ನಿಮ್ಮದೇ. ಹೌದು, ಡೀಸೆಲ್. ಹಾಕಿಸಿದವಳು ನಾನು, ನಿಮ್ಮ ಮಾದೇವಿ. ಮೂರು ವರ್ಷ ಹೇಳದೆ ಇದ್ದದ್ದು ಹೆದರಿಕೆಯಿಂದಲ್ಲ. ನೀವು ಎದ್ದು ಬಂದು ಜಗಳ ಆಡುವ ಹಾಗಿದ್ದಿದ್ದರೆ ಮೊದಲ ದಿನವೇ ಬಂದು ಹೇಳುತ್ತಿದ್ದೆ.

ನೀವು ಕೊಳ್ಳೇಗಾಲದಿಂದ ಮುಖ ಕೆಂಪಗೆ ಮಾಡಿಕೊಂಡು ಬಂದು, ಕಾಲೂ ತೊಳೆಯದೆ ಜಗಲಿ ಮೇಲೆ ಕೂತ ದಿನ ನೆನಪಿದೆಯಾ? ಸ್ನೇಹಿತರೊಬ್ಬರು ಹೊಸ ಡೀಸೆಲ್ ಲಾರಿ ತಂದು, ಒಂದು ಸುತ್ತು ಓಡಿಸಿ ನೋಡಿ ಅಂದಿದ್ದರಂತೆ. ಓಡಿಸಿದಿರಿ. ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ನಿಲ್ಲಿಸಿದಿರಿ. ನಮ್ಮ ಪೆಟ್ರೋಲ್ ಲಾರಿಗೆ ಮಾಡುವ ಹಾಗೇ ಕೀ ತಿರುಗಿಸಿ, ತೆಗೆದು ಜೇಬಿಗೆ ಹಾಕಿಕೊಂಡು, ಟೀ ಅಂಗಡಿ ಕಡೆ ಗತ್ತಿನಿಂದ ನಡೆದಿರಿ. ಲಾರಿ ಹಿಂದಿನಿಂದ ದಡದಡ ಅನ್ನುತ್ತಲೇ ಇತ್ತು. ವಾಪಸು ಹೋಗಿ ಮತ್ತೆ ಕೀ ಹಾಕಿದಿರಿ, ತೆಗೆದಿರಿ. ಊಹೂಂ. "ಲಾಲಿ ಆಡಿ ಸಾ, ಮನೀಕತದೆ" ಅಂತ ಹಮಾಲಿಗಳು ನಕ್ಕರಂತೆ. ಆಮೇಲೆ ಯಾರೋ ಬಂದು ಸ್ಟೇರಿಂಗ್ ಕೆಳಗಿದ್ದ ಒಂದು ಗುಂಡಿ ಎಳೆದರು, ಎಣ್ಣೆ ಕಟ್ಟಾಗಿ ಇಂಜಿನ್ ನಿಂತಿತು. ಅಷ್ಟು ಹೇಳಿ ನೀವು ತೊಡೆ ತಟ್ಟಿಕೊಂಡು ಅಂದಿರಿ: "ಕೀ ತಗುದ್ರೂ ಸಾಯಲ್ಲ ಕಣಮ್ಮಿ ಅದು, ದೆವ್ವ! ನಾನಿರಗಂಟ ಆ ದೆವ್ವನ ನನ್ ಲಾರಿಗೆ ಸೇರ್ಸಲ್ಲ." ನಾನು ಅಡುಗೆಮನೆಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ. ನೋಡಿ, ನೀವಿರುವ ತನಕ ಸೇರಿಸಲಿಲ್ಲ. ನಿಮ್ಮ ಮಾತು ಉಳಿಸಿದ್ದೇನೆ.

ನಮ್ಮ ಲಾರಿಯನ್ನು ನೀವು ಮನೆಗೆ ತಂದ ಹೊತ್ತು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ತಾಲ್ಲೂಕು ಇನ್ನೂ ಮೈಸೂರಿಗೆ ಸೇರಿರಲಿಲ್ಲ, ಏನು ಕಾಗದ ಬೇಕಾದರೂ ಕೊಯಮತ್ತೂರಿಗೇ ಓಡಬೇಕಿತ್ತು. ಮಿಲಿಟರಿ ಹರಾಜಿನಲ್ಲಿ ಕೊಂಡ ಹಸಿರು ಲಾರಿ. ಹನೂರಿಗೆ ಹನೂರೇ ನೋಡಲು ಬಂದಿತ್ತು. ಕುದುರೆ ಅನ್ನುತ್ತಿದ್ದಿರಿ ನೀವು. ಕುದುರೆಯೇ, ಒಪ್ಪಿದೆ. ಆದರೆ ಕುಡಿಯುವ ಕುದುರೆ. ಯಳಂದೂರಿಗೆ ಬೆಲ್ಲ ತುಂಬಲು ಹೋಗಿ ಬರುವುದರಲ್ಲಿ ಬಾಡಿಗೆಯನ್ನೆಲ್ಲ ಅದೇ ಕುಡಿದುಬಿಡುತ್ತಿತ್ತು. ಬಿಡಿಭಾಗ ಸಿಗುತ್ತಿರಲಿಲ್ಲ. ಡೀಸೆಲ್ ಇಂಜಿನ್ ಕೂರಿಸೋಣ ಅಂತ ನಾನು ಒಂದು ಸಲ ಅಂದದ್ದಕ್ಕೆ ನೀವು ತಟ್ಟೆ ಬಿಟ್ಟು ಎದ್ದಿರಿ. ಎರಡು ದಿನ ಮಾತಿಲ್ಲ. ಮೂರನೆಯ ದಿನ ನಾನೇ ಸೋತು ಹುರುಳಿಕಾಳಿನ ಬಸ್ಸಾರು ಮಾಡಿದೆ.

ನಿಮ್ಮನ್ನು ಕಾಮಾಲೆ ಕೊಂಡೊಯ್ದು, ಶಿವಗಣಾರಾಧನೆ ಮುಗಿದು, ವಾರವೂ ಆಗಿರಲಿಲ್ಲ. ನಿಮ್ಮಣ್ಣ ಗುಜರಿಯವನನ್ನು ಕರೆದುಕೊಂಡು ಬಂದರು. ಲಾರಿ ಹುಣಸೆಮರದ ಕೆಳಗೆ ನಿಂತಿತ್ತು, ಡ್ರೈವರ್ ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿತ್ತು. ನಿಮ್ಮ ಮನೆಯ ರಿವಾಜು ನಿಮಗೇ ಗೊತ್ತಲ್ಲ: ಬೀಗದಕೈ ಯಾರ ಉಡಿದಾರದಲ್ಲಿದೆಯೋ ಯಜಮಾನಿಕೆ ಅವರದು. ಕಣಜದ್ದು, ಪೆಟ್ಟಿಗೆಯದ್ದು ಆಗಲೇ ನಿಮ್ಮಣ್ಣನ ಸೊಂಟ ಸೇರಿತ್ತು. ಲಾರಿಯ ಕೀ ಮಾತ್ರ ನನ್ನ ತಾಳಿ ಇದ್ದ ಜಾಗದಲ್ಲಿ, ಕರಿದಾರದಲ್ಲಿತ್ತು. ಬೇಕೆಂದೇ ಹಾಕಿಕೊಂಡಿದ್ದೆ.

"ಕೊಡಮ್ಮಿ ಕೀಯ. ಎಂಗ್ಸು ಲಾರಿ ಮಡೀಕಂಡು ಏನ್ ಮಾಡೀಯೆ?"

"ಓಡಿಸ್ತೀನಿ ಭಾವ. ಡೀಸೆಲ್ ಹಾಕ್ಸಿ ಓಡಿಸ್ತೀನಿ."

ಊರಿನ ನಾಲ್ಕು ಜನ ಹಿರಿಯರು ಜಗಲಿ ಮೇಲೆ ಕೂತು ತೀರ್ಮಾನ ಮಾಡಿದರು. ಹೊಸ ಇಂಜಿನ್ ಕೂರಿಸಿ ಮೊದಲ ಲೋಡನ್ನು ಹೊತ್ತಿಗೆ ಸರಿಯಾಗಿ ಕೊಳ್ಳೇಗಾಲಕ್ಕೆ ಮುಟ್ಟಿಸಿದರೆ ಲಾರಿ ನನ್ನದು. ಮುಟ್ಟದಿದ್ದರೆ ಗುಜರಿಗೆ. ನಾನು ಹೂಂ ಅಂದೆ.

ಪಳನಿ ಮೇಸ್ತ್ರಿ ಇಂಜಿನ್ ತಂದ ದಿನ ನೀವು ಇರಬೇಕಿತ್ತು. ಕೊಳ್ಳೇಗಾಲದಲ್ಲಿ ನಿಮ್ಮ ಲಾರಿ ಬಿಚ್ಚಿ ಕಟ್ಟುತ್ತಿದ್ದ ಅದೇ ಪಳನಿ. ಪಾಲಾರ್ ದಾಟಿ ಆಚೆ ಘಾಟಿಯಲ್ಲಿ ಮಗುಚಿದ ಒಂದು ಲಾರಿಯದು ಅದು. ಮೈಯೆಲ್ಲ ನುಜ್ಜುಗುಜ್ಜು, ಇಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ನನ್ನ ತೌರಿನ ಸರ ಅದಕ್ಕೆ ಹೋಯಿತು. ಹೋಗಲಿ, ನೀವಿಲ್ಲದೆ ಅದನ್ನು ಯಾರಿಗೆ ತೋರಿಸಬೇಕಿತ್ತು? ಎತ್ತಿನ ಗಾಡಿಯಿಂದ ಇಳಿಸುವಾಗ ನಿಮ್ಮಣ್ಣ ನಾಲ್ಕು ಜನರಿಗೆ ಕೇಳುವ ಹಾಗೆ ಅಂದರು: "ಸತ್ತ ಲಾರಿ ಇಂಜಿನ್ನು, ಗಂಡ ಸತ್ತ ಎಂಗ್ಸು. ಒಳ್ಳೆ ಜೋಡಿ ಕಣ್ಲಾ." ಕೇಳಿಸಿಕೊಂಡೆ. ಇಂಜಿನ್ನಿಗೆ ವಿಭೂತಿ ಹಚ್ಚಿದೆ, ನನ್ನ ಹಣೆಗೂ ಇನ್ನೊಮ್ಮೆ ಹಚ್ಚಿಕೊಂಡೆ.

ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಹೊಸ ಇಂಜಿನ್ನಿಗೂ ನಿಮ್ಮ ಹಳೇ ಗೇರ್ ಬಾಕ್ಸಿಗೂ ಬಾಯಿ ಕೂಡಲಿಲ್ಲ. ಪಳನಿ ದಪ್ಪ ಕಬ್ಬಿಣದ ತಟ್ಟೆಯೊಂದಕ್ಕೆ ತೂತು ಕೊರೆಸಿ ಎರಡರ ನಡುವೆ ಕೂರಿಸಿದರು, ಮದುವೆ ಕುದುರಿಸುವ ದಲ್ಲಾಳಿಯ ಹಾಗೆ. ಭಾರಕ್ಕೆ ಲಾರಿಯ ಮೂತಿ ಕುಸಿಯಿತು. ಮುಂದಿನ ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರಿಸಿದರು. "ಕವಲೆ ಬ್ಯಾಡಮ್ಮಾ, ನಾನಿದೀನಿ" ಅಂತ ತಮಿಳು ಬೆರೆಸಿ ನನ್ನ ಚಿಂತೆ ಬಿಡಿಸುತ್ತಲೇ ತಿಂಗಳು ಕಳೆದರು. ನಿಮ್ಮ ಪೆಟ್ರೋಲ್ ಇಂಜಿನ್ನನ್ನು ಸರಪಳಿ ಹಾಕಿ ಎತ್ತಿದಾಗ ಮಾತ್ರ ನಾನು ಹಿತ್ತಿಲಿಗೆ ಹೋಗಿ ಅತ್ತೆ. ಅದನ್ನು ಗುಜರಿಗೆ ಕೊಟ್ಟಿಲ್ಲ. ಕೊಟ್ಟಿಗೆಯಲ್ಲಿ ಗ್ರೀಸ್ ಬಳಿದು ಗೋಣಿ ಹೊದಿಸಿ ಇಟ್ಟಿದ್ದೇನೆ. ಎಮ್ಮೆ ಅದಕ್ಕೆ ಮೈ ಉಜ್ಜಿಕೊಳ್ಳುತ್ತದೆ. ಅದಕ್ಕೆ ನಾನೇನು ಮಾಡಲಿ?

ಇಂಜಿನ್ ಬದಲಾದದ್ದನ್ನು ಕಾಗದದಲ್ಲಿ ಬರೆಸಲು ಮೈಸೂರಿನ ಕಚೇರಿಗೆ ಹೋದಾಗ ಅಲ್ಲಿಯ ಸಾಹೇಬರು ನನ್ನ ಹಿಂದೆ ಮುಂದೆ ನೋಡಿ, "ಲಾರಿ ಯಜಮಾನ್ರು ಎಲ್ಲಮ್ಮ?" ಅಂದರು. "ನಾನೇ ಸಾ" ಅಂದೆ. ಅಷ್ಟು ಜೋರಾಗಿ ನಾನು ಮಾತಾಡಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ.

ಮೊದಲ ಲೋಡಿನ ಬೆಳಿಗ್ಗೆಗೆ ಬರುತ್ತೇನೆ. ಶಾಗ್ಯದ ರೈತರ ರೇಷ್ಮೆಗೂಡು ತುಂಬಿ ಆಗಿತ್ತು. ಹರಾಜು ಶುರುವಾಗುವ ಮೊದಲು ಮಾರುಕಟ್ಟೆಯಲ್ಲಿ ಇರಬೇಕು. ನಿಮ್ಮ ಹತ್ತಿರ ಇದ್ದ ಸಿದ್ದರಾಜುವೇ ಡ್ರೈವರ್. ಇಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗಲಿ ಅಂತ ಬಿಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಡಲು ಇಳಿದ. ಅಷ್ಟರಲ್ಲಿ ನಿಮ್ಮಣ್ಣ ಬಂದವರೇ ಕ್ಯಾಬಿನ್ನಿಗೆ ಕೈ ಹಾಕಿ ಕೀ ಕಿತ್ತುಕೊಂಡು ಉಡಿದಾರಕ್ಕೆ ಸಿಕ್ಕಿಸಿಕೊಂಡರು. "ನನ್ ತಮ್ಮನ್ ಲಾರೀನ ಊರ್ ಮುಂದೆ ನಗೆಪಾಟ್ಲು ಮಾಡಕ್ಕೆ ಬಿಡಲ್ಲ. ಅದೆಂಗ್ ಓಯ್ತದೋ ನಾನೂ ನೋಡ್ತೀನಿ" ಅಂತ ಕೈ ಕಟ್ಟಿಕೊಂಡು ನಿಂತರು, ಅದು ನಿಲ್ಲುವುದನ್ನೇ ಕಾಯುತ್ತಾ. ರೈತರು ಕಾದರು. ಬೀದಿಗೆ ಬೀದಿಯೇ ಕಾಯಿತು.

ಲಾರಿ ದಡದಡ ಅನ್ನುತ್ತಲೇ ಇತ್ತು.

ನಿಮ್ಮಣ್ಣ ಒಮ್ಮೆ ಲಾರಿಯನ್ನು ನೋಡಿದರು, ಒಮ್ಮೆ ಸೊಂಟ ಮುಟ್ಟಿ ನೋಡಿಕೊಂಡರು. ಆಗ ನನಗೆ ನೀವು ನೆನಪಾದಿರಿ. ಗೂಡಿನ ಮಾರುಕಟ್ಟೆ ಮುಂದೆ ಕೀ ಹಿಡಿದುಕೊಂಡು ಬೆವರುತ್ತಾ ನಿಂತ ನೀವು! ಅಣ್ಣ ತಮ್ಮ ಇಬ್ಬರದೂ ಅದೇ ಮುಖ. ನಗು ತಡೆಯಲಾಗಲಿಲ್ಲ. ನೀವು ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತು, ನಡುಬೀದಿಯಲ್ಲಿ, ಬಾಯಿಗೆ ಸೆರಗೂ ಅಡ್ಡ ಇಡದೆ.

"ಸಿದ್ದರಾಜು, ಲಾರಿ ಅತ್ತಪ್ಪಾ."

"ದೊಡ್ಡೋರು ಬ್ಯಾಡ ಅಂದ್ಮೇಲೆ ನಾ ಎಂಗೆ ಅತ್ಲವ್ವಾ? ಕೀನೂ ಇಲ್ಲ..."

"ಕೀ ಬ್ಯಾಡ ಇದ್ಕೆ. ನೀ ಅತ್ತದಿದ್ರೆ ಬುಡು, ಇವತ್ತು ನಾನೇ ಓಡಿಸ್ಕಂಡು ಹೊಳೆಗಾದ್ರೂ ಬೀಳ್ತೀನಿ."

ಹೇಳಿದವಳೇ ಕ್ಯಾಬಿನ್ ಹತ್ತಿ ಕೂತೆ. ಮುಂದಿನ ಸೀಟಿನಲ್ಲಿ, ವಿಧವೆ, ಬೆಳಗಿನ ಶುಭಕಾರ್ಯಕ್ಕೆ ಎದುರು ಬರಬಾರದವಳು. ಸಿದ್ದರಾಜು ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದು ಹತ್ತಿದ. ಹರಾಜಿನ ಗಂಟೆ ಹೊಡೆಯುವ ಮೊದಲೇ ಮಾರುಕಟ್ಟೆ ಮುಂದೆ ಇದ್ದೆವು. ಅಲ್ಲಿ ಗುಂಡಿ ಎಳೆದು ಇಂಜಿನ್ ನಿಲ್ಲಿಸಿದವಳು ನಾನು. ನೀವು ಅವತ್ತು ನಾಚಿಕೆಪಟ್ಟುಕೊಂಡು ಹೇಳಿದ ಕಥೆಯೇ ನಿಮ್ಮ ಲಾರಿಯನ್ನು ಉಳಿಸಿತು.

ಮೂರು ವರ್ಷ ನಾನು ಆ ಕೀ ಕೇಳಲಿಲ್ಲ. ಪಳನಿ ಎರಡು ವೈರು ಸೇರಿಸಿ ಒಂದು ಬಟನ್ ಕೂರಿಸಿಕೊಟ್ಟರು, ಅದರಲ್ಲೇ ನಡೆಯಿತು. ಇವತ್ತು ಸಂಜೆ ನಿಮ್ಮಣ್ಣ ತಾವಾಗಿಯೇ ಬಂದರು. ಕೂತರು, ಎದ್ದರು, ಮತ್ತೆ ಕೂತರು. ಅವರ ಗೂಡು ಬಲಿತುಬಿಟ್ಟಿದೆಯಂತೆ, ನಾಳೆಯೇ ಮುಟ್ಟದಿದ್ದರೆ ಚಿಟ್ಟೆ ಹೊರಗೆ ಬಂದು ಎಲ್ಲ ಹಾಳಂತೆ. ಉಡಿದಾರದಿಂದ ಕೀ ಬಿಚ್ಚಿ ನನ್ನ ಮುಂದೆ ಇಟ್ಟು, "ನಿಂದೇ ಕಣವ್ವ" ಅಂದರು. ಕಾಫಿ ಕೊಟ್ಟೆ. ಆಡಬೇಕಾಗಿದ್ದ ಮಾತನ್ನೆಲ್ಲ ಆ ಲಾರಿ ಯಾವತ್ತೋ ಆಡಿ ಆಗಿತ್ತು.

ಒಂದು ಮಾತು ಮಾತ್ರ ನಿಮಗೆ ಹೇಳಬೇಕು. ನೀವು ಬದುಕಿದ್ದಿದ್ದರೆ ಈ ಜಗಳದಲ್ಲೂ ನಾನೇ ಸೋಲುತ್ತಿದ್ದೆ, ಲಾರಿ ಪೆಟ್ರೋಲ್ ಕುಡಿಯುತ್ತಲೇ ಇರುತ್ತಿತ್ತು, ನಾನು ಬಸ್ಸಾರು ಮಾಡುತ್ತಲೇ ಇರುತ್ತಿದ್ದೆ. ಅದಕ್ಕೂ ನಾನು ತಯಾರಿದ್ದೆ. ಹೀಗೆ ಗೆಲ್ಲಬೇಕು ಅಂತ ನಾನೇನು ಕೇಳಿಕೊಂಡಿದ್ದೆನೇ?

ಆ ಕೀ ನಮಗೆ ಬೇಡ, ಅದು ನಿಮ್ಮ ಕಾಲದ್ದು. ನಾಳೆ ಬೆಳಿಗ್ಗೆ ನಿಮ್ಮಣ್ಣನ ಗೂಡು ತುಂಬಿಕೊಂಡು ಹೋಗುವಾಗ ಇಳಿದು ಬಂದು ನಿಮ್ಮ ತಲೆದೆಸೆಗೆ ಇಟ್ಟು ಹೋಗುತ್ತೇನೆ. ಲಾರಿ ಅಲ್ಲಿ ನಿಲ್ಲುತ್ತದೆ, ಇಂಜಿನ್ ನಿಲ್ಲಿಸುವುದಿಲ್ಲ. ಎಷ್ಟು ಬೈಯಬೇಕೋ ಬೈದುಕೊಳ್ಳಿ.

ನಿಮ್ಮ
ಮಾದೇವಿ